ಸೊಸೈಟಿ ನೋಟಿಸಿನ ಕಾಮಾ

ಠಾಣೆ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದು ಕೋಪರಿಯ ಯಾವುದಾದರೂ ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡಿನ ಮುಂದೆ ಒಂದು ನಿಮಿಷ ನಿಂತರೆ ಸಾಕು, ಇಂಗ್ಲಿಷ್ ಕಾಮಾದ ತಾಪತ್ರಯವೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ‘ಆಲ್ ಮೆಂಬರ್ಸ್ ಆರ್ ಹಿಯರ್‌ಬೈ ಇನ್‌ಫಾರ್ಮ್ಡ್ ದ್ಯಾಟ್, ದೇರ್ ವಿಲ್ ಬಿ ನೋ ವಾಟರ್ ಸಪ್ಲೈ ಆನ್ ಫ್ರೈಡೇ.’ ಶುಕ್ರವಾರ ನೀರಿಲ್ಲ ಎಂಬುದು ಎಲ್ಲರಿಗೂ ತಿಳಿಯುತ್ತದೆ, ಗುರುವಾರ ರಾತ್ರಿಯೇ ಬಕೆಟ್ಟುಗಳು ತುಂಬುತ್ತವೆ. ಆದರೆ ‘ದ್ಯಾಟ್’ ಪಕ್ಕದ ಆ ಕಾಮಾ ಅಲ್ಲಿರಬಾರದು. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಡುತ್ತಿದ್ದೇನೆ. ಓದುವಾಗ ಕಣ್ಣು ಪದಕ್ಕಿಂತ ಚಿಹ್ನೆಯ ಮೇಲಿರಲಿ.

ಆ ಕಾಮಾ ಎಲ್ಲಿಂದ ಬಂತು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಅದೇ ಬೋರ್ಡಿನಲ್ಲಿ ಮರಾಠಿ ನೋಟಿಸೂ ಅಂಟಿಸಿದ್ದರೆ ಅದನ್ನು ಓದಿ: ‘ಸರ್ವ ಸಭಾಸದಾಂನಾ ಕಳವಿಣ್ಯಾತ ಯೇತೇ ಕೀ, ...’ ಮರಾಠಿಯಲ್ಲಿ ‘ಕೀ’ ಆದಮೇಲೆ ಕಾಮಾ ಹಾಕುವುದು ರೂಢಿ. ನಮ್ಮ ಸಂಘಗಳ ಸುತ್ತೋಲೆಯೂ ಹಾಗೇ ಶುರುವಾಗುತ್ತದೆ: ‘ಈ ಮೂಲಕ ತಿಳಿಸುವುದೇನೆಂದರೆ, ...’ ಅಲ್ಲಿ ದನಿ ಒಂದು ಕ್ಷಣ ನಿಲ್ಲುತ್ತದೆ, ಕೇಳುವವರು ಕಿವಿ ನಿಮಿರಿಸುತ್ತಾರೆ, ಆಮೇಲೆ ವಿಷಯ. ಎರಡೂ ಭಾಷೆಗಳಲ್ಲಿ ಸಲ್ಲುವ ಈ ಕಾಮಾವನ್ನು ಸೊಸೈಟಿಯ ಸೆಕ್ರೆಟರಿ ಅನಾಮತ್ತಾಗಿ ಎತ್ತಿ ಇಂಗ್ಲಿಷಿನಲ್ಲಿ ಇಡುತ್ತಾರೆ. ಅಂದರೆ ಅವರಿಗೆ ವ್ಯಾಕರಣ ಬಾರದೆಂದಲ್ಲ, ಬೇರೆ ಎರಡು ಭಾಷೆಗಳ ವ್ಯಾಕರಣ ಚೆನ್ನಾಗಿ ಬರುತ್ತದೆ.

ನಮ್ಮ ಬಹುಪಾಲು ಕಾಮಾ ತಪ್ಪುಗಳು ಹುಟ್ಟುವುದು ಹೀಗೆಯೇ. ಶಾಲೆಯಲ್ಲಿ ‘ಓದುವಾಗ ಉಸಿರು ನಿಲ್ಲುವ ಕಡೆ ಕಾಮಾ’ ಎಂದು ಕಲಿಸಿರುತ್ತಾರೆ. ಗಟ್ಟಿಯಾಗಿ ಓದುವ ಮಕ್ಕಳಿಗೆ ಅದು ಒಳ್ಳೆಯ ಪಾಠ. ಇಂಗ್ಲಿಷ್ ಬರೆಯುವವರಿಗೆ ಮಾತ್ರ ಅದು ದಾರಿ ತಪ್ಪಿಸುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಕಾಮಾ ಬೀಳುವುದು ವಾಕ್ಯದ ಕೀಲುಗಳಲ್ಲಿ, ಉಸಿರು ಎಲ್ಲಿ ನಿಂತರೂ ಅದಕ್ಕೆ ಲೆಕ್ಕವಿಲ್ಲ. ಮತ್ತು ಇಂಗ್ಲಿಷ್ ವಾಕ್ಯದ ಕೀಲುಗಳು ಕನ್ನಡದ ಕೀಲುಗಳಿರುವ ಜಾಗದಲ್ಲಿ ಇಲ್ಲ.

ಕರ್ತೃಪದವನ್ನೇ ನೋಡಿ. ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ ಸಭೆಯ ವರದಿ ಹೀಗಿರುತ್ತದೆ: ‘ಅಧ್ಯಕ್ಷತೆ ವಹಿಸಿ ಮಾತನಾಡಿದ ಅವರು, ಸಂಘದ ಕಟ್ಟಡಕ್ಕೆ ನೆರವಾದ ದಾನಿಗಳನ್ನು ನೆನೆದರು.’ ನಮ್ಮಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ. ಕರ್ತೃವಿಗೂ ಕ್ರಿಯೆಗೂ ನಡುವೆ ಇಡೀ ಸಂಸಾರ ಕೂತಿರುತ್ತದೆ. ಹಾಗಾಗಿ ಕರ್ತೃವಿನ ಪಕ್ಕ ಒಂದು ಕಾಮಾ ಹಾಕಿ ‘ಇವರನ್ನು ನೆನಪಿಟ್ಟುಕೊಳ್ಳಿ’ ಎನ್ನುವುದು ಸಹಜ. ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ತೃವಿನ ಬೆನ್ನಿಗೇ ಬರುತ್ತದೆ. ‘ದ ಪ್ರೆಸಿಡೆಂಟ್ ಆಫ್ ದ ಸಂಘ, ಥ್ಯಾಂಕ್ಡ್ ದ ಡೋನರ್ಸ್’ ಎಂದರೆ ಅಂಟಿಕೊಂಡಿರಬೇಕಾದ ಇಬ್ಬರನ್ನು ಬಿಡಿಸಿದಂತೆ. ಕರ್ತೃ ಎಷ್ಟೇ ಉದ್ದವಾಗಲಿ, ಈ ನಿಯಮ ಬದಲಾಗುವುದಿಲ್ಲ. ‘ದ ಮೆಂಬರ್ಸ್ ಹೂ ಅಟೆಂಡೆಡ್ ದ ಮೀಟಿಂಗ್ ಆನ್ ಸಂಡೇ ಮಾರ್ನಿಂಗ್ ಅಪ್ರೂವ್ಡ್ ದ ಬಜೆಟ್.’ ‘ಮಾರ್ನಿಂಗ್’ ಹೊತ್ತಿಗೆ ಉಸಿರು ಕಟ್ಟಿದರೂ ಕಾಮಾ ಹಾಕುವಂತಿಲ್ಲ.

ಒಂದು ಕಾಮಾ ತಪ್ಪಾದ ಅದೇ ಜಾಗದಲ್ಲಿ ಎರಡು ಹಾಕಿದರೆ ಸರಿಯಾಗುವುದೂ ಉಂಟು. ‘ದ ಪ್ರೆಸಿಡೆಂಟ್, ಹೂ ಕೇಮ್ ಲೇಟ್, ಥ್ಯಾಂಕ್ಡ್ ದ ಡೋನರ್ಸ್.’ ಇಲ್ಲಿ ಕಾಮಾಗಳು ಆವರಣ ಚಿಹ್ನೆಯ ಕೆಲಸ ಮಾಡುತ್ತಿವೆ, ತೆರೆದದ್ದನ್ನು ಮುಚ್ಚಲೇಬೇಕು. ಪರೀಕ್ಷೆ ಸುಲಭ. ಎರಡು ಕಾಮಾಗಳ ನಡುವಿನ ಮಾತನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದದ್ದು ನೆಟ್ಟಗೆ ನಿಂತರೆ ಎರಡೂ ಸರಿ. ‘ದ್ಯಾಟ್’ ಆದಮೇಲೆ ಕಾಮಾಗೆ ಜಾಗ ಸಿಗುವುದೂ ಇಂಥ ಜೋಡಿ ಇದ್ದಾಗ: ‘ವಿ ಡಿಸೈಡೆಡ್ ದ್ಯಾಟ್, ಇಫ್ ನೆಸೆಸರಿ, ವಿ ವುಡ್ ಕಾಲ್ ಎ ಟ್ಯಾಂಕರ್.’

ಈ ಜೋಡಿ ಕಾಮಾ ಬರೀ ಅಲಂಕಾರ ಎಂದುಕೊಂಡವರು ಸೊಸೈಟಿಯಲ್ಲಿ ಜಗಳ ತಂದಿಡಬಹುದು. ಈ ಎರಡು ಸಾಲು ನೋಡಿ.

‘ಮೆಂಬರ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ಮೇಂಟೆನೆನ್ಸ್ ವಿಲ್ ಬಿ ಚಾರ್ಜ್ಡ್ ಇಂಟರೆಸ್ಟ್.’

‘ಮೆಂಬರ್ಸ್, ಹೂ ಹ್ಯಾವ್ ನಾಟ್ ಪೇಯ್ಡ್ ಮೇಂಟೆನೆನ್ಸ್, ವಿಲ್ ಬಿ ಚಾರ್ಜ್ಡ್ ಇಂಟರೆಸ್ಟ್.’

ಮೊದಲನೆಯದು ಬಾಕಿ ಉಳಿಸಿಕೊಂಡವರಿಗೆ ಮಾತ್ರ ಬಡ್ಡಿ ಎನ್ನುತ್ತದೆ. ಎರಡನೆಯದು ಸೊಸೈಟಿಯ ಯಾವ ಸದಸ್ಯರೂ ದುಡ್ಡು ಕಟ್ಟಿಲ್ಲ, ಎಲ್ಲರಿಗೂ ಬಡ್ಡಿ ಎನ್ನುತ್ತದೆ. ತಿಂಗಳ ಮೊದಲ ವಾರದಲ್ಲೇ ಚೆಕ್ಕು ಕೊಡುವ ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ಅಧಿಕಾರಿ ಇದನ್ನು ಓದಿ ಸುಮ್ಮನಿರುತ್ತಾರೆಯೇ?

ಕನ್ನಡದವರಿಗೆ ಈ ವ್ಯತ್ಯಾಸ ಕೈಗೆ ಸಿಗುವುದು ಕಷ್ಟ, ಅದಕ್ಕೆ ಕಾರಣವೂ ಇದೆ. ‘ಮೇಂಟೆನೆನ್ಸ್ ಕಟ್ಟದ ಸದಸ್ಯರು’ ಎಂದು ನಾವು ವಿಶೇಷಣವನ್ನು ನಾಮಪದದ ಮುಂದೆ ಹೊಂದಿಸುತ್ತೇವೆ. ಅದು ಕೆಲವರೋ ಎಲ್ಲರೋ ಎಂಬುದನ್ನು ಸಂದರ್ಭ ಹೇಳಬೇಕು, ಚಿಹ್ನೆ ಹೇಳುವುದಿಲ್ಲ. ‘ಪುಣೆಯಲ್ಲಿರುವ ನನ್ನ ಅಣ್ಣ’ ಎಂದಾಗ ಅಣ್ಣ ಒಬ್ಬನೋ ನಾಲ್ವರೋ ಗೊತ್ತಾಗದು, ಗೊತ್ತಾಗಬೇಕೆಂದು ನಮಗೆ ಅನ್ನಿಸುವುದೂ ಇಲ್ಲ. ಇಂಗ್ಲಿಷಿನಲ್ಲಿ ‘ಮೈ ಬ್ರದರ್ ಹೂ ಲಿವ್ಸ್ ಇನ್ ಪುಣೆ’ ಎಂದರೆ ಇರುವ ಅಣ್ಣಂದಿರಲ್ಲಿ ಪುಣೆಯವನು. ‘ಮೈ ಬ್ರದರ್, ಹೂ ಲಿವ್ಸ್ ಇನ್ ಪುಣೆ,’ ಎಂದರೆ ಇರುವವನೇ ಒಬ್ಬ, ಅವನು ಪುಣೆಯಲ್ಲಿದ್ದಾನೆ. ಆದ್ದರಿಂದ ‘ಹೂ’, ‘ವಿಚ್’ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮಾತು ತೆಗೆದರೆ ಯಾರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಇನ್ನೂ ಗೊತ್ತಾಗುತ್ತದೆಯೇ? ಗೊತ್ತಾದರೆ ಜೋಡಿ ಕಾಮಾ. ಗೊತ್ತಾಗದಿದ್ದರೆ ಒಂದೂ ಬೇಡ. ಕಾಮಾದ ಬಗ್ಗೆ ಒಂದೇ ಒಂದು ವಿಷಯ ಕಲಿಯಲು ಸಮಯವಿದೆ ಎನ್ನುವವರು ಇದನ್ನೇ ಕಲಿಯಲಿ.

ಎರಡು ಪೂರ್ಣ ವಾಕ್ಯಗಳನ್ನು ಕಾಮಾದಿಂದ ಜೋಡಿಸುವುದು ಕನ್ನಡದಲ್ಲಿ ತಪ್ಪಲ್ಲ. ಈ ಲೇಖನದಲ್ಲೇ ಹಲವು ಕಡೆ ಇದೆ. ‘ಪಂಪು ಕೆಟ್ಟಿದೆ, ನಾಳೆ ಟ್ಯಾಂಕರ್ ಬರುತ್ತದೆ.’ ಇಂಗ್ಲಿಷಿನ ಮೇಷ್ಟ್ರು ಇದಕ್ಕೆ ಕೆಂಪು ಗೆರೆ ಎಳೆಯುತ್ತಾರೆ. ‘ದ ಪಂಪ್ ಈಸ್ ನಾಟ್ ವರ್ಕಿಂಗ್’ ಆದಮೇಲೆ ಪೂರ್ಣವಿರಾಮವೋ ಅರ್ಧವಿರಾಮವೋ ಬರಬೇಕು, ಇಲ್ಲವೇ ಕಾಮಾದ ಜೊತೆ ‘ಸೋ’, ‘ಆ್ಯಂಡ್’, ‘ಬಟ್’ ಇರಬೇಕು. ‘ಹೌಎವರ್’, ‘ದೇರ್‌ಫೋರ್’ ಈ ಗುಂಪಿಗೆ ಸೇರಿದವಲ್ಲ, ಅವುಗಳ ಮುಂಚೆ ಅರ್ಧವಿರಾಮ, ಆಮೇಲೆ ಕಾಮಾ. ಆಫೀಸಿನ ಮೇಲ್‌ಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ.

ನಮಗೆ ಅನುಕೂಲವಾದ ನಿಯಮವೂ ಒಂದಿದೆ. ‘ಇಫ್’, ‘ವೆನ್’, ‘ಆಲ್‌ದೋ’ದಿಂದ ವಾಕ್ಯ ಶುರುವಾದರೆ ಆ ತುಂಡು ಮುಗಿದ ಕಡೆ ಕಾಮಾ. ‘ಇಫ್ ದ ಲಿಫ್ಟ್ ಸ್ಟಾಪ್ಸ್, ಪ್ರೆಸ್ ದ ಅಲಾರ್ಮ್.’ ಕನ್ನಡದಲ್ಲಿ ‘ಲಿಫ್ಟ್ ನಿಂತರೆ’ ಎಂಬುದು ಮೊದಲೇ ಬರುವುದರಿಂದ ಇದು ತಾನಾಗಿಯೇ ಸರಿಯಾಗುತ್ತದೆ. ತಿರುಗಿಸಿ ಬರೆದರೆ ಕಾಮಾ ಸಾಮಾನ್ಯವಾಗಿ ಬೇಡ: ‘ಪ್ರೆಸ್ ದ ಅಲಾರ್ಮ್ ಇಫ್ ದ ಲಿಫ್ಟ್ ಸ್ಟಾಪ್ಸ್.’

‘ಬಿಕಾಸ್’ ಮಾತ್ರ ‘ನಾಟ್’ ಜೊತೆ ಸೇರಿದಾಗ ಕಿತಾಪತಿ ಮಾಡುತ್ತದೆ. ‘ಹಿ ಡಿಡ್ ನಾಟ್ ರಿಸೈನ್ ಬಿಕಾಸ್ ಆಫ್ ದ ಚೇರ್‌ಮನ್’ ಎಂದರೆ ರಾಜೀನಾಮೆ ಕೊಟ್ಟರೇ, ಇಲ್ಲವೇ? ಕೊಟ್ಟರು, ಆದರೆ ಕಾರಣ ಚೇರ್‌ಮನ್ ಅಲ್ಲ ಎಂದೂ ಓದಬಹುದು. ಚೇರ್‌ಮನ್ ತಡೆದದ್ದರಿಂದ ಕೊಡಲಿಲ್ಲ ಎಂದೂ ಓದಬಹುದು. ‘ರಿಸೈನ್’ ಪಕ್ಕ ಕಾಮಾ ಇಟ್ಟರೆ ಎರಡನೆಯ ಅರ್ಥ ಗಟ್ಟಿಯಾಗುತ್ತದೆ. ಮೀಟಿಂಗಿನ ಮಿನಿಟ್ಸ್ ಬರೆಯುವವರು ಇಂಥ ವಾಕ್ಯವನ್ನು ಒಡೆದು ಎರಡು ಮಾಡಿದರೆ ಇನ್ನೂ ಕ್ಷೇಮ.

ಪಟ್ಟಿಗಳ ವಿಷಯ ದೊಡ್ಡದು, ದುಬಾರಿಯೂ ಹೌದು. ಕನ್ನಡದಲ್ಲಿ ‘ಅಕ್ಕಿಯೂ ಬೇಳೆಯೂ ಬೆಲ್ಲವೂ’ ಎಂದರೆ ಪ್ರತ್ಯಯವೇ ಬೇರೆಬೇರೆ ಮಾಡಿ ಕೊಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವೆಲ್ಲ ಕಾಮಾದ ತಲೆಗೆ. ತಕರಾರು ಇರುವುದು ಕೊನೆಯ ‘ಆ್ಯಂಡ್’ ಮುಂಚೆ ಕಾಮಾ ಬೇಕೇ ಬೇಡವೇ ಎಂಬಲ್ಲಿ. ಅಲ್ಲಿ ಹಾಕುವ ಕಾಮಾವನ್ನು ಆಕ್ಸ್‌ಫರ್ಡ್ ಕಾಮಾ ಎನ್ನುತ್ತಾರೆ; ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದ ಪದ್ಧತಿ ಅದು. ಅಮೆರಿಕದ ಪುಸ್ತಕ ಪ್ರಕಾಶಕರೂ ಬಹುಮಟ್ಟಿಗೆ ಹಾಕುತ್ತಾರೆ. ಬ್ರಿಟನ್ನಿನ ಪತ್ರಿಕೆಗಳು ಸಾಮಾನ್ಯವಾಗಿ ಬಿಡುತ್ತವೆ, ನಮ್ಮ ಶಾಲೆಗಳಲ್ಲೂ ಬಿಡುವುದೇ ಹೆಚ್ಚು. ಬಿಟ್ಟರೆ ತಪ್ಪಲ್ಲ. ಆದರೆ ಸಂಘದ ವಾರ್ಷಿಕೋತ್ಸವದ ಇಂಗ್ಲಿಷ್ ಕರಪತ್ರದಲ್ಲಿ ‘ವಿ ಥ್ಯಾಂಕ್ ಅವರ್ ಡೋನರ್ಸ್, ದ ಕುಕ್ ಆ್ಯಂಡ್ ದ ವಾಚ್‌ಮನ್’ ಎಂದು ಅಚ್ಚಾದರೆ ಅಡುಗೆಯವರೂ ವಾಚ್‌ಮನ್ನೂ ದಾನಿಗಳಾಗಿಬಿಡುತ್ತಾರೆ, ನಿಜವಾದ ದಾನಿಗಳು ಮುಖ ಊದಿಸಿಕೊಳ್ಳುತ್ತಾರೆ. ‘ಕುಕ್’ ಪಕ್ಕ ಇನ್ನೊಂದು ಕಾಮಾ ಬಿದ್ದರೆ ಮೂವರೂ ಬೇರೆಬೇರೆ.

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಈ ಒಂದು ಕಾಮಾ ಕೋರ್ಟಿಗೇ ಹೋಯಿತು. ಓಕ್‌ಹರ್ಸ್ಟ್ ಡೈರಿಯ ಹಾಲಿನ ಲಾರಿ ಓಡಿಸುವವರು ಓವರ್‌ಟೈಮ್ ಕೇಳಿದರು. ಆ ರಾಜ್ಯದ ಕಾನೂನು ಆಹಾರ ಪದಾರ್ಥಗಳಿಗೆ ಸಂಬಂಧಿಸಿದ ಕೆಲವು ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಎಂದು ಪಟ್ಟಿ ಕೊಟ್ಟಿತ್ತು. ಪಟ್ಟಿಯ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು, ‘ಶಿಪ್‌ಮೆಂಟ್’ ಆದಮೇಲೆ ಕಾಮಾ ಇರಲಿಲ್ಲ. ಕಳಿಸುವುದಕ್ಕೋ ಹಂಚುವುದಕ್ಕೋ ಪ್ಯಾಕ್ ಮಾಡುವುದು ಎಂಬ ಒಂದೇ ಕೆಲಸವೋ, ಅಥವಾ ಪ್ಯಾಕ್ ಮಾಡುವುದು ಒಂದು, ಹಂಚುವುದು ಇನ್ನೊಂದೋ? ಡ್ರೈವರುಗಳು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಕ್ಯಕ್ಕೆ ಎರಡೂ ಅರ್ಥ ಬರುತ್ತದೆ ಎಂದು ಕೆಲಸಗಾರರ ಪರ ನಿಂತಿತು. ಮರುವರ್ಷ ಡೈರಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಾನೂನು ಬರೆಯುವವರು ತೀರ್ಪು ಬಂದಮೇಲೆ ಅದೇ ಪಟ್ಟಿಯನ್ನು ಅರ್ಧವಿರಾಮ ಹಾಕಿ ತಿದ್ದಿದರು.

ನಮ್ಮಲ್ಲೂ ಇಂಥದ್ದು ನಡೆದಿದೆ, ಅದೂ ಮಹಾರಾಷ್ಟ್ರ ಸರ್ಕಾರವೇ ಕಕ್ಷಿಯಾಗಿದ್ದ ಮೊಕದ್ದಮೆಯಲ್ಲಿ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ 27ನೇ ಸೆಕ್ಷನ್ ಶಿಕ್ಷಾರ್ಹ ಕೆಲಸಗಳನ್ನು ಪಟ್ಟಿ ಮಾಡುವಾಗ ‘ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್’ ಎಂದಿತ್ತು. ಔಷಧ ಸುಮ್ಮನೆ ಇಟ್ಟುಕೊಂಡರೂ ಅಪರಾಧವೇ, ಅಥವಾ ಮಾರುವುದಕ್ಕೆಂದು ಇಟ್ಟುಕೊಂಡರೆ ಮಾತ್ರವೇ? 1970ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟು ‘ಸ್ಟಾಕ್ಸ್’ ಪದದ ಪಕ್ಕ ಕಾಮಾ ಇಲ್ಲದಿರುವುದನ್ನು ಎತ್ತಿ ತೋರಿಸಿತು. ಕಾಮಾ ಇಲ್ಲದ್ದರಿಂದ ‘ಫಾರ್ ಸೇಲ್’ ಎಂಬುದು ಎರಡಕ್ಕೂ ಅಂಟುತ್ತದೆ, ಮಾರಾಟದ ಉದ್ದೇಶ ಸಾಬೀತಾಗದೆ ದಾಸ್ತಾನು ಅಪರಾಧವಾಗದು ಎಂದಿತು. ತಮಾಷೆಯೆಂದರೆ ಇದೇ ಕೋರ್ಟು 1952ರಲ್ಲಿ, ಕಾನೂನಿನ ಅರ್ಥ ಹಚ್ಚುವಾಗ ವಿರಾಮಚಿಹ್ನೆ ಸಣ್ಣ ವಿಷಯವೆಂದು ಬದಿಗೆ ಸರಿಸಿತ್ತು. ಸಣ್ಣದೋ ದೊಡ್ಡದೋ ಎಂಬುದು ಮೊಕದ್ದಮೆ ಯಾವುದು ಎಂಬುದರ ಮೇಲೆ ನಿಂತಿದೆ ಎನ್ನಬೇಕು.

ಹಳೆಯ ಕಾಲದಲ್ಲಿ ಈ ರಗಳೆಯೇ ಇರಲಿಲ್ಲ. ನಮ್ಮ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಕಾಮಾ ಇಲ್ಲ. ಪದ್ಯ ಮುಗಿದ ಕಡೆ ಒಂದೋ ಎರಡೋ ದಂಡ, ಮಿಕ್ಕದ್ದನ್ನು ವಿಭಕ್ತಿಯೂ ಛಂದಸ್ಸೂ ನೋಡಿಕೊಳ್ಳುತ್ತಿದ್ದವು. ಇಂಗ್ಲೆಂಡಿನಲ್ಲೂ ಹಾಗೆಯೇ. 1351ರ ರಾಜದ್ರೋಹ ಕಾನೂನು ಬರೆದದ್ದು ನಾರ್ಮನ್ ಫ್ರೆಂಚಿನಲ್ಲಿ. 1916ರಲ್ಲಿ ಐರ್ಲೆಂಡಿನ ಹೋರಾಟಗಾರ ರೋಜರ್ ಕೇಸ್‌ಮೆಂಟ್ ವಿಚಾರಣೆ ನಡೆದಾಗ, ದೇಶದ ಹೊರಗೆ ಮಾಡಿದ ಕೃತ್ಯಕ್ಕೂ ಆ ಕಾನೂನು ತಗಲುತ್ತದೆಯೇ ಎಂಬ ವಾದ ಹಳೆಯ ಸಾಲಿನಲ್ಲಿ ವಿರಾಮ ಎಲ್ಲಿ ಎಂಬುದಕ್ಕೆ ಬಂದು ನಿಂತಿತು. ನ್ಯಾಯಾಧೀಶರು ಮೂಲ ಸುರುಳಿಯನ್ನೇ ಹೋಗಿ ನೋಡಿಬಂದರು. ಕೇಸ್‌ಮೆಂಟ್‌ಗೆ ಗಲ್ಲಾಯಿತು; ಕಾಮಾದ ಮೇಲೆ ಗಲ್ಲಿಗೇರಿದವನು ಎಂಬ ಮಾತು ಇಂಗ್ಲಿಷಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ವಿಶೇಷಣಗಳ ಸಾಲಿಗೆ ಬೇಕಾದ ಉದಾಹರಣೆ ನಮ್ಮ ಸಂವಿಧಾನದ ಪೀಠಿಕೆಯಲ್ಲೇ ಇದೆ. 1976ರ 42ನೇ ತಿದ್ದುಪಡಿಯ ನಂತರ ಅಲ್ಲಿ ‘ಸಾವರಿನ್ ಸೋಷಲಿಸ್ಟ್ ಸೆಕ್ಯುಲರ್ ಡೆಮಾಕ್ರಟಿಕ್ ರಿಪಬ್ಲಿಕ್’ ಎಂದಿದೆ. ನಾಲ್ಕು ವಿಶೇಷಣ, ಒಂದೂ ಕಾಮಾ ಇಲ್ಲ. ಒಂದರ ಮೇಲೊಂದು ಕೂತು ಒಟ್ಟಿಗೆ ಒಂದೇ ಹೆಸರಾದ ವಿಶೇಷಣಗಳ ನಡುವೆ ಕಾಮಾ ಬೇಡ. ‘ಓಲ್ಡ್ ವುಡನ್ ಟೇಬಲ್’ ಕೂಡ ಹಾಗೆಯೇ. ವಿಶೇಷಣಗಳನ್ನು ಹಿಂದುಮುಂದು ಮಾಡಿದರೂ, ನಡುವೆ ‘ಆ್ಯಂಡ್’ ಹಾಕಿದರೂ ಕಿವಿಗೆ ಒಪ್ಪಿದರೆ ಮಾತ್ರ ಕಾಮಾ: ‘ಎ ಲಾಂಗ್, ಟೈರಿಂಗ್ ಜರ್ನಿ.’ ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಈ ಉದಾಹರಣೆ ಮರೆಯದು.

ಕರೆಯುವಾಗ ನಮಗೆ ಕಾಮಾದ ಹಂಗಿಲ್ಲ. ‘ಶೆಟ್ರೇ’ ಎಂದು ಕೊನೆ ಎಳೆದರೆ ಸಾಕು. ಇಂಗ್ಲಿಷಿನಲ್ಲಿ ಆ ಎಳೆತ ಇಲ್ಲ. ವಾಟ್ಸಾಪಿನಲ್ಲಿ ‘ಡೋಂಟ್ ಕಾಲ್ ಶೆಟ್ಟಿ’ ಎಂದು ಬಂದರೆ ಶೆಟ್ಟರಿಗೆ ಫೋನ್ ಮಾಡಬೇಡಿ ಎಂದರ್ಥ. ‘ಡೋಂಟ್ ಕಾಲ್, ಶೆಟ್ಟಿ’ ಎಂದರೆ ಶೆಟ್ಟರೇ, ನೀವು ಫೋನ್ ಮಾಡಬೇಡಿ. ಹಾಗಾಗಿ ‘ಥ್ಯಾಂಕ್ ಯು, ಸರ್’, ‘ಯೆಸ್, ಮೇಡಂ’. ‘ಹಾಯ್’ ಮತ್ತು ಹೆಸರಿನ ನಡುವೆ ಮಾತ್ರ ಈಗ ಹೆಚ್ಚಿನವರು ಹಾಕುವುದಿಲ್ಲ, ಹಾಕಿದರೆ ಕೊಂಚ ಶಿಸ್ತಿನ ಸಿಪಾಯಿಯ ಹಾಗೆ ಕಾಣುತ್ತದೆ.

ಕಾಗದದ ಒಕ್ಕಣೆಯಲ್ಲಿ ಹಳಬರು ಅಷ್ಟಾಗಿ ತಪ್ಪುವುದಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಮುಂಬಯಿಯಲ್ಲಿ ನಡೆಸಿದ ರಾತ್ರಿ ಶಾಲೆಗಳಲ್ಲಿ, ಹಗಲು ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು ಬಂದ ಹುಡುಗರು ಅರ್ಜಿ ಬರೆಯುವುದನ್ನು ಕಲಿತರು. ಆಮೇಲೆ ಟೈಪಿಂಗ್ ಕ್ಲಾಸು. ‘ಡಿಯರ್ ಸರ್’ ಪಕ್ಕ ಕಾಮಾ, ‘ಯುವರ್ಸ್ ಫೇಯ್ತ್‌ಫುಲಿ’ ಪಕ್ಕ ಕಾಮಾ ಎಂಬುದು ಅವರ ಬೆರಳಿಗೇ ಗೊತ್ತಿರುತ್ತಿತ್ತು. ಈಗಿನ ಬ್ರಿಟಿಷ್ ಕಚೇರಿ ಪತ್ರಗಳಲ್ಲಿ ಎರಡನ್ನೂ ಬಿಡುವುದುಂಟು. ಹಾಕಿದರೆ ಎರಡೂ ಕಡೆ ಹಾಕಿ, ಬಿಟ್ಟರೆ ಎರಡೂ ಕಡೆ ಬಿಡಿ.

ತಾರೀಖಿನಲ್ಲಿ ನಮ್ಮ ಕ್ರಮಕ್ಕೆ ಕಾಮಾ ಬೇಡ: ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಂದದ್ದು 16 ಏಪ್ರಿಲ್ 1853. ಅಮೆರಿಕನ್ನರಂತೆ ತಿಂಗಳು ಮೊದಲು ಬರೆದರೆ ಏಪ್ರಿಲ್ 16, 1853. ವಾಕ್ಯದ ನಡುವೆ ಬಂದರೆ ಇಸವಿಯ ನಂತರವೂ ಒಂದು. ವಿಳಾಸವನ್ನು ಒಂದೇ ಸಾಲಿನಲ್ಲಿ ಬರೆಯುವಾಗ ಪ್ರತಿ ಘಟ್ಟಕ್ಕೂ ಕಾಮಾ, ಪಿನ್ ಮುಂಚೆ ಮಾತ್ರ ಬೇಡ: ಕೋಪರಿ ಕಾಲನಿ, ಠಾಣೆ ಪೂರ್ವ, ಮಹಾರಾಷ್ಟ್ರ 400603. ನವಿ ಮುಂಬಯಿಯಲ್ಲಿ ವಾಶಿಯ ಪಕ್ಕವೂ ಒಂದು ಕೋಪರಿ ಇದೆ. ವಾಶಿಯ ಪಿನ್ 400703, ವ್ಯತ್ಯಾಸ ಒಂದೇ ಅಂಕಿ. ಕೋಪರಿ ಎಂದಷ್ಟೇ ಬರೆದು ಊರಿನ ಹೆಸರು ಬಿಟ್ಟರೆ ಕೊರಿಯರಿನವರು ಖಾಡಿಯ ಆಚೆ ಈಚೆ ಅಲೆಯಬೇಕಾಗುತ್ತದೆ.

ಕೊನೆಗೆ ಅಂಕಿಗಳು. ನಾವು ಹನ್ನೆರಡೂವರೆ ಲಕ್ಷವನ್ನು 12,50,000 ಎಂದು ಬರೆಯುತ್ತೇವೆ: ಬಲದಿಂದ ಮೂರು ಅಂಕಿಗೆ ಒಂದು ಕಾಮಾ, ಆಮೇಲೆ ಎರಡೆರಡಕ್ಕೆ. ಅಮೆರಿಕ, ಬ್ರಿಟನ್ನಿನವರು ಅದನ್ನೇ 1,250,000 ಎನ್ನುತ್ತಾರೆ. ಜರ್ಮನಿಯಲ್ಲಿ ಇನ್ನೂ ಬೇರೆ. ಅಲ್ಲಿ ಕಾಮಾ ದಶಾಂಶ ಚಿಹ್ನೆ, ಸಾವಿರಕ್ಕೆ ಚುಕ್ಕಿ, ಹಾಗಾಗಿ 1.250,75 ಎಂದರೆ ಸಾವಿರದ ಇನ್ನೂರೈವತ್ತು ಮತ್ತು ಮುಕ್ಕಾಲು. ಐರೋಲಿ, ಮಹಾಪೆಯ ಕಂಪನಿಗಳಲ್ಲಿ ಕೂತು ಹೊರದೇಶಕ್ಕೆ ಬಿಲ್ಲು ಕಳಿಸುವವರಿಗೆ ಇದು ದಿನನಿತ್ಯದ ಮಾತು. ಕಂಪ್ಯೂಟರಿನಲ್ಲಿ ಕಾಮಾ ಬೇಕಾದ ಹಾಗೆ ಬೀಳದಿದ್ದರೆ ಎಕ್ಸೆಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಂಡೋಸಿನ ರೀಜನ್ ಸೆಟ್ಟಿಂಗಿನಲ್ಲಿ ಭಾರತದ ಇಂಗ್ಲಿಷ್ ಆರಿಸಿದರೆ ಲಕ್ಷದ ಲೆಕ್ಕ ಬರುತ್ತದೆ, ಅಮೆರಿಕದ್ದು ಆರಿಸಿದರೆ ಮಿಲಿಯನ್ನಿನದು. ಎರಡೂ ಕಡೆಯವರು ನೋಡುವ ಬಿಲ್ಲಾದರೆ ಮೊತ್ತವನ್ನು ಅಕ್ಷರದಲ್ಲೂ ಒಮ್ಮೆ ಬರೆದು ಕಳಿಸಿ.